ಗೇಣಿಗೆ ಏಳು ವರ್ಷ

ಮೊದಲು ಪಂಕ್ತಿ ಹಾಕಬೇಕು.
ಯಾರ ಪಕ್ಕ ಯಾರು ಕೂರಬಾರದು ಎಂಬುದೇ
ಈ ಕಸುಬಿನ ಮೊದಲ ಪಾಠ:
ಸಯನೈಡಿನ ಎಲೆಯ ಪಕ್ಕ ಆಸಿಡ್ಡಿನ ಎಲೆ ಬೇಡ,
ಥಿನ್ನರಿನ ಹತ್ತಿರ ಕಿಡಿ ಹಾರಿಸುವ ನೆಂಟರು ಬೇಡ,
ಔಷಧಿ ಕಾರ್ಖಾನೆಯ ಕಪ್ಪು ಗಸಿ ಬಂದರೆ
ಬಾಗಿಲಲ್ಲೇ ನಿಲ್ಲಿಸಿ, ಹೆಸರು ಕೇಳಿ, ಕಾಗದ ನೋಡಿ.

ಹೆಸರು ಹೇಳದ ಡ್ರಮ್ಮುಗಳೂ ಬರುತ್ತವೆ.
ಲೇಬಲ್ಲು ಮಳೆಗೆ ಹೋಗಿರುತ್ತದೆ, ಅಥವಾ ಯಾರದೋ ಉಗುರಿಗೆ.
ಒಳಗೆ ಎಣ್ಣೆ, ಬಣ್ಣ, ಒಡೆದ ಬ್ಯಾಟರಿ, ಒಂಟಿ ಕೈಗವಸು;
ಕಲಸಿದ ಮೇಲೆ ಯಾವ ಜಾಣನೂ ಬಿಡಿಸಲಾರ.
ಅವಕ್ಕೊಂದು ಕೋಣೆ ಬರೆದೆ ನಕ್ಷೆಯ ಮೂಲೆಗೆ,
ಗೋಡೆ ದಪ್ಪ, ಮಾಡು ಹಗುರ,
ಸಿಡಿದರೆ ಆಕಾಶಕ್ಕೆ ಸಿಡಿಯಲಿ ಎಂದು.

ಗಾಳಿಯ ಲೆಕ್ಕ ಎರಡು ಸಲ ತಪ್ಪಿತು.
ಆಷಾಢದ ಗಾಳಿ ಪಡುವಲಿಂದ, ಮಾಗಿಯದು ಮೂಡಲಿಂದ;
ಚಿಮಣಿ ಎಲ್ಲಿಟ್ಟರೂ
ಒಂದಲ್ಲ ಒಂದು ಊರು ಹೊಗೆಯ ದಾರಿಗೆ ಸಿಗುತ್ತದೆ.
ಕಂಪ್ಯೂಟರಿಗೆ ಮುಂಚೆ ನಾನು ಪೆನ್ಸಿಲ್ಲಿನವಳು.
ಉಜ್ಜಿ ಉಜ್ಜಿ ಹಾಳೆಯ ಆ ಜಾಗ ತೂತಾಯಿತು.

ಕೊನೆಗೆ ಉಳಿದದ್ದು ತಳ.
ಪ್ಲಾಸ್ಟಿಕ್ ಹಾಳೆಯ ಕೆಳಗೆ ನಾಲ್ಕು ಗೇಣು ಜೇಡಿ.
ಮಾಲೂರಿಗೆ ಹೋದೆ. ಮುಚ್ಚಿದ ಹೆಂಚಿನ ಕಾರ್ಖಾನೆಯ
ಗೂಡಿನೊಳಗೆ ಲಂಟಾನ ಬೆಳೆದಿತ್ತು.
ಗೇಟಿನವನು ಹೇಳಿದ:
ಮಣ್ಣಿನ ವಿಷಯ ಸೊಣ್ಣಮ್ಮನ್ನ ಕೇಳಿ.

ಸೊಣ್ಣಮ್ಮ ಇಪ್ಪತ್ತಾರು ವರ್ಷ ಅಚ್ಚಿಗೆ ಮಣ್ಣು ಒತ್ತಿದವಳು.
ಹಳೆಯ ಗುಂಡಿಗಿಳಿದು ಒಂದು ಮುಷ್ಟಿ ತೆಗೆದು
ಎಂಜಲು ಹಚ್ಚಿ ಹುರಿ ಹೊಸೆದಳು,
ಬೆರಳಿಗೆ ಉಂಗುರ ಸುತ್ತಿದಳು, ಬಿರಿಯಲಿಲ್ಲ.
ತುದಿಯನ್ನು ಮುಂದಿನ ಹಲ್ಲಿಗಿಟ್ಟು ಕಡಿದಳು.
"ಮರಳಿಲ್ಲ ಕಣಮ್ಮ. ನೀರು ಕುಡಿಯಲ್ಲ ಇದು."

ಕುಡಿಯುತ್ತದೆ, ಎಂದೆ. ಎಲ್ಲ ಮಣ್ಣೂ ಕುಡಿಯುತ್ತದೆ,
ನಮಗೆ ಬೇಕಾದ್ದು ಎಷ್ಟು ನಿಧಾನ ಅಂತ.
ವರ್ಷಕ್ಕೆ ಮೂರು ಸೆಂಟಿಮೀಟರು, ಅದಕ್ಕಿಂತ ಬೇಗ ಬೇಡ.
ಅವಳು ಗೇಣು ಚಾಚಿ ಗುಂಡಿಯ ಗೋಡೆಗಿಟ್ಟಳು:
"ಗೇಣಿಗೆ ಏಳು ವರ್ಷ."
ಮತ್ತೆ ಇಟ್ಟಳು. ಮತ್ತೆ.
ನಾಲ್ಕನೆಯದರಲ್ಲಿ ಕೈ ತೆಗೆಯಲಿಲ್ಲ.
"ಆಮೇಲೆ?"

ಆಮೇಲೆ ಕೆಳಗೆ ಇನ್ನೊಂದು ಹಾಳೆ ಇದೆ, ಕೊಳವೆ ಇದೆ,
ನಾಲ್ಕು ದಿಕ್ಕಿಗೆ ನಾಲ್ಕು ಬಾವಿ,
ತಿಂಗಳಿಗೊಮ್ಮೆ ನೀರು ಸೇದಿ ನೋಡುವವರು
ಇರುತ್ತಾರೆ, ಎಂದೆ.
'ಇರುತ್ತಾರೆ' ಎಂಬ ಒಂದು ಕ್ರಿಯಾಪದದ ಮೇಲೆ
ಎಷ್ಟು ಟನ್ನು ಭಾರ ಬೀಳುತ್ತದೆಂದು
ಅಲ್ಲಿಯತನಕ ನಾನು ಲೆಕ್ಕ ಹಾಕಿರಲಿಲ್ಲ.

"ನಾವು ಒತ್ತಿದ್ದು ಮೇಲಕ್ಕೆ ಹೋಗ್ತಿತ್ತು," ಎಂದಳು,
"ಮಳೆ ಒಳಕ್ಕೆ ಬರ್ದಂಗೆ.
ನೀವು ಅದೇ ಮಣ್ಣ ತಳಕ್ಕೆ ಹಾಕ್ತೀರ,
ಒಳಗಿಂದು ಹೊರಕ್ಕೆ ಹೋಗ್ದಂಗೆ."
ಅಳತೆ ಓದಿ ಹೇಳುವವರ ದನಿ. ಸೀರೆಯ ಮಣ್ಣು ಕೊಡವಿಕೊಂಡು
ಬಸ್ಸಿನ ಹೊತ್ತಾಯಿತೆಂದು ಹೊರಟಳು.

ಏಳನೆಯ ಮಾದರಿ ಲ್ಯಾಬಿನಿಂದ ವಾಪಸು ಬಂತು.
ಕಾರಣ: ಮೇಲೆ ಹೆಬ್ಬೆರಳಿನ ಗುರುತು; ಪರೀಕ್ಷೆಗೆ ಯೋಗ್ಯವಲ್ಲ.
ಈಗ ಅದು ನನ್ನ ಮೇಜಿನಲ್ಲಿ,
ಫ್ಯಾನಿಗೆ ನಕ್ಷೆ ಹಾರದಂತೆ ಕೂತಿದೆ.
ಒಣಗಿ ಕುಗ್ಗಿದೆ, ಜೊತೆಗೆ ಆ ಬೆರಳೂ ಕುಗ್ಗಿದೆ.
ಅಂಚಿನಲ್ಲಿ ಕೂದಲೆಳೆಯ ಬಿರುಕು.

ನಿನ್ನೆ ನಕ್ಷೆಗೆ ಟಿಪ್ಪಣಿ ಹನ್ನೊಂದು ಸೇರಿಸಿದೆ:
ಜೇಡಿ ಹಾಸಿದ ಗಳಿಗೆಯಿಂದ ಹಾಳೆ ಮುಚ್ಚುವ ತನಕ
ಒದ್ದೆ ಗೋಣಿ ಹೊದಿಸಿರತಕ್ಕದ್ದು.
ಆಮೇಲೆ, ಪೆನ್ಸಿಲ್ಲಿನಲ್ಲಿ:
ರಾತ್ರಿಯೂ.