ನಾಲ್ಕನೆಯ ಮಾಹಿತಿದಾರ

ಅರ್ಜಿಯಲ್ಲಿ ಮೂರೇ ಚೌಕ:
ಒಂದು ವರ್ಷ, ಮೂರು ವರ್ಷ, ಐದು ವರ್ಷ.
ಶೋನಾ ಗಲ್‌ಬ್ರೇತ್ ಪೆನ್ನು ಹಿಡಿದು ಬಹಳ ಹೊತ್ತು ನಿಂತಳು.
'ಈ ಚಿಪ್ಪು ಮರಿಹಾಕುವ ಪ್ರಾಯಕ್ಕೆ ಬರಲಿಕ್ಕೇ
ಹನ್ನೆರಡು ವರ್ಷ ಬೇಕು. ನೂರು ದಾಟಿ ಬದುಕುತ್ತದೆ.
ಅಷ್ಟು ದೊಡ್ಡ ಚೌಕ ಇಲ್ಲವೇ ನಿಮ್ಮಲ್ಲಿ?'

ಇರಲಿಲ್ಲ.
ಅಂಚಿನಲ್ಲಿ ಕೈಬರಹದಲ್ಲಿ ಬರೆದಳು, ಮುಂದಿನ ಸೂಚನೆಯವರೆಗೆ.
ನಾನು ಮೊಹರು ಒತ್ತಿದೆ.

ಅಬರ್ಡೀನಿನ ಈ ನೆಲಮಾಳಿಗೆಯಲ್ಲಿ
ಬೀಗ ಹಾಕುವ ಕಪಾಟು ಒಂದೇ.
ತೈಲ ಕಂಪನಿಗಳು ಮುಚ್ಚಿಡಿ ಎಂದ ಮಹಾಪ್ರಬಂಧ ಏಳು,
ಪೇಟೆಂಟಿಗೆ ಕಾದು ಕೂತದ್ದು ಎರಡು,
ಈಗ ಇದು: ನೀಲಿ ರಟ್ಟು, ಹನ್ನೊಂದು ನಕ್ಷೆ.
ನದಿಯ ಹೆಸರು ನಾನು ಹೇಳುವುದಿಲ್ಲ.
ಉತ್ತರದ ಕಡೆ ನದಿಗಳು ಬಹಳ.

ನಕ್ಷೆ ಹೊರಬಿದ್ದ ವಾರವೇ ಟಾರ್ಚು ಹಿಡಿದು ಇಳಿಯುತ್ತಾರೆ.
ನೂರಾರು ಸೀಳಿದರೆ ಒಂದರಲ್ಲಿ ಮುತ್ತು, ಇದ್ದರೆ ಇತ್ತು.
ಮಿಕ್ಕವು ದಡದಲ್ಲಿ ಬಾಯಿ ತೆರೆದುಕೊಂಡು
ಬೆಳಗಾಗುವುದನ್ನು ಕಾಯುತ್ತವೆ.
ಆಡಿದರೆ ಹೋಗುವ ಮಾತು, ಒಡೆದರೆ ಹೋಗುವ ಮುತ್ತು
ಎರಡೂ ಅವಳ ಒಂದೇ ಪುಟದಲ್ಲಿ.

ನವೆಂಬರಿನಲ್ಲಿ ಒಬ್ಬ ಮುದುಕ ಬಂದ,
ಮೂರು ಬಸ್ಸು ಬದಲಿಸಿ, ಟೋಪಿ ಕೈಯಲ್ಲಿ,
ಬೂಟಿನ ಕೆಸರೆಲ್ಲ ನಮ್ಮ ಜಮಖಾನೆಗೆ.
ಹ್ಯೂಯಿ ಟೌನ್ಸ್‌ಲಿ. ಗುಡಾರದಲ್ಲಿ ಹುಟ್ಟಿದವನು,
ಊರಿಂದೂರಿಗೆ ತಿರುಗುವ ಕುಲ.
'ಆ ಹುಡುಗಿ ಪುಸ್ತಕ ಬರೆದಳಂತೆ, ನನ್ನ ಹೊಳೆಯದ್ದು.
ನೋಡಬೇಕಿತ್ತು.'

ನಿಯಮ ಹೇಳಿದೆ.
ನಿಯಮ ಹೇಳುವಾಗ ನನ್ನ ದನಿ ತೆಳ್ಳಗಾಗುತ್ತದೆ, ನನಗೇ ಗೊತ್ತು.
ಅವನು ಸಿಟ್ಟಾಗಲಿಲ್ಲ. ಮೇಜಿನ ಮೇಲೆ ಬಗ್ಗಿ ತೋರಿಸಿದ:
ಗಾಜಿನ ತಳದ ತಗಡಿನ ಡಬ್ಬಿ ನೀರಿಗೆ ಒತ್ತಿ
ಅಪ್ಪ ಹೇಗೆ ಇಣುಕುತ್ತಿದ್ದ,
ಸೀಳುಕೋಲಿನ ತುದಿಯಲ್ಲಿ ಒಂದೊಂದನ್ನೇ ಹೇಗೆ ಎತ್ತುತ್ತಿದ್ದ,
ಎಳೆಯದಾದರೆ ಮತ್ತೆ ಮರಳಿಗೆ ಹೇಗೆ ನೆಡುತ್ತಿದ್ದ,
ನಾಟಿಯ ಸಸಿಯನ್ನು ಊರಿದ ಹಾಗೆ.
'ಅವಳಿಗೆ ತೋರಿಸಿದ್ದು ನಾನೇ, ಒಂದೊಂದು ಮಡುವನ್ನೂ.
ನಕ್ಷೆ ಬೇಡಮ್ಮ, ಅದು ಇಲ್ಲಿದೆ'
ಹಣೆ ಮುಟ್ಟಿಕೊಂಡ.
'ನನ್ನ ಹೆಸರು ಅಚ್ಚಾಗಿರಬೇಕಲ್ಲ,
ಅದೊಂದು ಕಂಡರೆ ಸಾಕು.'

ಬೀಗದಕೈ ನನ್ನ ಕೊರಳಲ್ಲೇ ಇತ್ತು.
ಒಳಗೆ ಹೋಗಿ ಒಬ್ಬಳೇ ತೆರೆದೆ.
ಕೃತಜ್ಞತೆಯ ಪುಟದಲ್ಲಿ ಗೈಡು, ಅಮ್ಮ, ಒಂದು ಬೆಕ್ಕು.
ನೂರಾ ಹದಿನೇಳರಲ್ಲಿ ಸಿಕ್ಕ:
ಮಾಹಿತಿದಾರ ನಾಲ್ಕು. ಗಂಡು. ಎಪ್ಪತ್ತರ ಮೇಲೆ.
ಅವನ ಒಳಿತಿಗೇ ಇರಬೇಕು, ನಿಷೇಧ ಬಂದಮೇಲೆ
ಹೊಳೆಗಿಳಿದ ಹೆಸರುಗಳನ್ನು ಪೋಲೀಸರೂ ಓದುತ್ತಾರೆ.

ಹೊರಗೆ ಬಂದು 'ಇದೆ' ಎಂದೆ.
'ಎಂಥ ಅಕ್ಷರದಲ್ಲಿ?'
'ದಪ್ಪ ಅಕ್ಷರದಲ್ಲಿ.'
ತಲೆಯಾಡಿಸಿದ. ಅದನ್ನು ತೂಗಿ ನೋಡಿದ ಹಾಗಿತ್ತು.

ಹೋಗುವಾಗ ಬಂದವರ ಪುಸ್ತಕದಲ್ಲಿ ಸಹಿ ಮಾಡಬೇಕು.
ಅವನು ಪೆನ್ನನ್ನು ನನ್ನ ಕಡೆ ನೂಕಿದ.
ನಾನೇ ಬರೆದೆ, ಗೆರೆಯ ಮೇಲೆ ಗೆರೆ ತಿದ್ದಿ, ದಪ್ಪಕ್ಕೆ.
ಆ ಪುಸ್ತಕಕ್ಕೆ ಬೀಗವಿಲ್ಲ.
ಬಾಗಿಲ ಬಳಿ, ದಾರ ಕಟ್ಟಿದ ಪೆನ್ನಿನ ಪಕ್ಕ ಇದೆ.