ಗುಂಬಜ್

ಚೀಟಿಯಲ್ಲಿ ವಯಸ್ಸು ಇಪ್ಪತ್ತೆಂಟು.
ಅಂಕಿ ತಿರುವುಮುರುವಾಗಿ ಎಂಬತ್ತೆರಡಿರಬೇಕೆಂದು
ಬಾಗಿಲಾಚೆ ಮುದುಕರನ್ನು ಹುಡುಕಿದೆ.
ಎದ್ದು ನಿಂತವನು ಖಾಜಪ್ಪ,
ದಾಲ್ ಮಿಲ್ಲಿನ ಹಳದಿ ಹುಡಿ ಇನ್ನೂ ಹುಬ್ಬಿನ ಮೇಲೆ.

"ಗ್ಯಾಸ್ ಅದರಿ ಅಕ್ಕಾ, ರಾತ್ರಿ ಮಿರ್ಚಿ ತಿಂದೀನಿ.
ಎರಡು ಸೋಡಾ ಕುಡದ್ರೂ ತೇಗ ಬರವಲ್ದು.
ಜಲ್ದಿ ಮುಗಿಸ್ರಿ, ಚಾವಿ ಗಾಡಿಗೇ ಅದ."

ಎದೆಯ ಎಡಕ್ಕೆ ಹಸಿರು ಹಚ್ಚೆ: ಅವ್ವ.
ಮೂರನೆಯ ಬಟ್ಟಲು ಕೂರುವ ಜಾಗ ಅದೇ.
ರಬ್ಬರಿನ ಗುಂಡು ಒತ್ತಿ ಬಿಟ್ಟೆ,
ಅ ಒಂದೇ ಉಳಿಯಿತು.

ಯಂತ್ರ ಕಿರ್ರನೆ ಕಾಗದ ಉಗುಳಿತು.
ನಾನು ಗುಂಬಜಗಳ ನೆರಳಲ್ಲಿ ಕುಂಟಾಬಿಲ್ಲೆ ಆಡಿದವಳು;
ಸುಲ್ತಾನರು ಮಲಗಿದ ಆ ಸಾಲಿನ ಬೆನ್ನು
ಕಣ್ಣು ಮುಚ್ಚಿದರೂ ನನಗೆ ಗುರುತು.
ಗುಲಾಬಿ ಚೌಕುಳಿ ಹಾಳೆಯ ಮೇಲೆ ಅವೇ ಬಂದಿದ್ದವು
ಒಂದರ ಹಿಂದೊಂದು. ಏಳೋ, ಹೆಚ್ಚೋ, ಎಣಿಸಲಿಲ್ಲ.

"ನಾರ್ಮಲ್ ಅದ ಅಲ್ರಿ?"
ಹೇಳುವ ಅಧಿಕಾರ ನನ್ನದಲ್ಲ.
"ಏಳಬ್ಯಾಡ," ಅಂದೆ. "ಹಾಂಗೇ ಮಲ್ಕೊ."
ಹಾಳೆ ಹರಿದು ಓಡಿದೆ, ಒಂದು ಚಪ್ಪಲಿ ಅಲ್ಲೇ ಬಿಟ್ಟು.

ಸ್ಟ್ರೆಚರ್ ದೂಡುತ್ತಲೇ ಡಾಕ್ಟರು ಕೇಳಿದ್ದು ಅಪ್ಪನ ಬಗ್ಗೆ.
"ನಿದ್ದ್ಯಾಗ ಹೋದನ್ರಿ. ನಲವತ್ತೊಂದಿತ್ತು.
ಪುಣ್ಯವಂತನ ಸಾವು ಅಂದ್ರು ಓಣಿ ಮಂದಿ."
ಯಾರೂ ಮಾತಾಡಲಿಲ್ಲ.
ಜೇಬಿನಿಂದ ಜಾರಿದ ಗುಟ್ಕಾ ಪಾಕೀಟಿನ ಮಾಲೆ
ಗಾಲಿಗೆ ಸಿಕ್ಕು ನೆಲ ಗುಡಿಸುತ್ತ ಹೋಯಿತು.

ತಿಂಗಳಾದ ಮೇಲೆ ಬಂದ. ಕಲಬುರಗಿಯ ಬಿಸಿಲು ನಲವತ್ತಮೂರು.
ಗುಂಬಜಗಳು ಇಳಿದಿದ್ದವು,
ಇದ್ದ ಜಾಗದಲ್ಲಿ ಒಂದೊಂದು ತಗ್ಗು.
"ಇದು ಇನ್ನ ಹೋಗಂಗಿಲ್ಲ," ಅಂದೆ,
ಇಷ್ಟಾದರೂ ಹೇಳಬಹುದೆಂದು.
ಅವನ ಕೈ ತಾನಾಗಿ ಜೇಬಿಗೆ ಹೋಯಿತು.
ಖಾಲಿ ಜೇಬು. ಏನು ಮಾಡಬೇಕೋ ತಿಳಿಯದೆ
ಕೈ ಅಲ್ಲೇ ಕೂತಿತ್ತು.

ಬಾಗಿಲಲ್ಲಿ ತಮ್ಮ ಸಾಯಬಣ್ಣ, ಇಪ್ಪತ್ತೆರಡು,
ಮೊಬೈಲಿನಲ್ಲಿ ಮುಳುಗಿದವನು.
"ನೀನೂ ಬಾ. ಅಂಗಿ ತೆಗಿ."
"ನನಗೇನಾಗ್ಯಾದ್ರಿ?"
ನಿಮ್ಮಪ್ಪನೂ ಹೀಗೇ ಅನ್ನುತ್ತಿದ್ದನೇನೋ, ಅನ್ನಲಿಲ್ಲ.
ಬಟ್ಟಲುಗಳನ್ನು ಒರೆಸಿದೆ.

ಮಲಗಿದ. ಜೆಲ್ ಹಚ್ಚಿದರೆ
ತಂಪು ತಂಪು ಅಂತ ನಕ್ಕ.
ಅವನ ಎದೆಯ ಮೇಲೆ
ಇನ್ನೂ ಯಾರ ಹೆಸರೂ ಇರಲಿಲ್ಲ.