ಏಳನೆಯಾಕಿ

ಇಂಡಿಯ ಮಾಲನಬಿ ಕೇಳಿದಳು:
“ನಿಂಬಿಕಾಯಷ್ಟು ಅಂದ್ರ ಯಾವ ನಿಂಬಿ, ಸಾಹೇಬ್ರ?
ಪ್ಯಾಟಿಗೆ ಹೋಗೂದೋ, ಉಪ್ಪಿನಕಾಯಿಗೆ ಉಳಿಯೂದೋ?”
ಮೂವತ್ತು ವರ್ಷ ಕಾಯಿ ವಿಂಗಡಿಸಿದ ಕೈ
ತೊಡೆಯ ಗಂಟನ್ನೂ ಅಳೆದು ಬಿಟ್ಟಿತ್ತು.

ಕತ್ತರಿಸುವ ಮೊದಲು ಆರು ವಾರ ಗುಳಿಗೆ.
ತೋಟವೆಲ್ಲ ಬಿಟ್ಟು
ಒಂದೇ ಕೊಂಬೆಯ ಹುಳ ಹುಡುಕುವ ಮದ್ದು.
ಹುಡುಕೀತೇ? ಗೊತ್ತಿಲ್ಲ.
ಇವಳಿಗಿಂತ ಮೊದಲು ನುಂಗಿದವರು ಆರೇ ಮಂದಿ.
ಅದನ್ನೂ ಓದಿ ಹೇಳಿದೆ.
ಹೆಬ್ಬೆಟ್ಟಿಗೆ ಶಾಯಿ ಹಚ್ಚುವಾಗ ಅಂದಳು:
“ಎಂಟನೆಯಾಕಿಗಾದ್ರೂ ಗೊತ್ತಾಗ್ತದಲ್ಲ.”

ಇವತ್ತು ಡಬ್ಬಿ ವಾಪಸ್ ತಂದಿದ್ದಾಳೆ.
ಎಣಿಸಿದೆ. ಎರಡು ಉಳಿದಿವೆ.
“ವಾಂತಿ ಆದ ದಿನದ್ದು. ಹಂಗs ಬರ್ಕೋರಿ.”

ಸ್ಕ್ಯಾನ್ ವರದಿ ಇನ್ನೂ ಬಂದಿಲ್ಲ.
ವಿಜಯಪುರದ ಬಿಸಿಲು ಬೆಂಚಿನ ತನಕ ಬಂದಿದೆ.
ಅವಳ ಹೆಬ್ಬೆರಳು, ತೋರುಬೆರಳು
ಗಾಳಿಯಲ್ಲೊಂದು ದುಂಡು ಹಿಡಿದು
ತುಸು ಕಿರಿದು ಮಾಡಿ
ನೋಡುತ್ತಿವೆ.